ರಕ್ಷಿತಾಳನ್ನು ಕುಣಿಗಲ್ ತಂಡಕ್ಕೆ ಬಿಟ್ಟುಕೊಟ್ಟಿದ್ದು

ತುಮಕೂರಿನಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್ ಆಗಿದ್ದ ಪ್ರೇಮಲತಾ, ರಕ್ಷಿತಾ ಎಂಬ ಆಟಗಾರ್ತಿ ಕುದುರಿಕೊಳ್ಳಲೆಂದು ಎರಡು ವರ್ಷ ಕಾದರು. ಹಾಗಲವಾಡಿಯ ಈ ಎತ್ತರದ ಹುಡುಗಿ ಅಭ್ಯಾಸದಲ್ಲಿ ಚೆನ್ನಾಗಿ ಆಡುತ್ತಿದ್ದಳು. ಪಂದ್ಯದಲ್ಲಿ ಮಾತ್ರ ಚೆಂಡು ಸಿಕ್ಕೊಡನೆ ಬೇರೆಯವರಿಗೆ ದಾಟಿಸಿಬಿಡುತ್ತಿದ್ದಳು. ಕುಣಿಗಲ್ ತಂಡದವರು ತಮ್ಮ ಅನುಭವಿ ಆಟಗಾರ್ತಿಯೊಬ್ಬಳನ್ನು ಕೊಡುತ್ತೇವೆಂದು ಹೇಳಿ ಬದಲಿಗೆ ಇವಳನ್ನು ಕೇಳಿದಾಗ, ಪ್ರೇಮಲತಾ ರಕ್ಷಿತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ನೀನ್ಯಾಕೆ ಶೂಟ್ ಮಾಡಲ್ಲ?”

“ಮಿಸ್ಸಾದ್ರೆ ನೀವು ಹೊರಗೆ ಕರೀತೀರಲ್ಲ ಮೇಡಂ, ಅದೇ ಭಯ.”

ಗೆಲ್ಲಲೇಬೇಕಾದ ತಂಡದಲ್ಲಿ, ತಪ್ಪು ಮಾಡಿ ಕಲಿಯುವಷ್ಟು ಹೊತ್ತು ಅವಳನ್ನು ಆಡಿಸುವುದು ತಮ್ಮಿಂದಾಗದು ಎಂದು ಪ್ರೇಮಲತಾಗೆ ಗೊತ್ತಿತ್ತು.

“ಅಲ್ಲಿ ಪೂರ್ತಿ ಮ್ಯಾಚ್ ಆಡಿಸ್ತಾರೆ ಕಣೇ. ಹೋಗು,” ಎಂದರು.

ರಕ್ಷಿತಾ ಅತ್ತಳು, ಆದರೂ ಹೋದಳು.

ಮುಂದಿನ ವರ್ಷ ಎರಡೂ ತಂಡಗಳು ಎದುರಾದಾಗ ತುಮಕೂರೇ ಗೆದ್ದಿತು. ಹಲವು ಸಲ ಗುರಿ ತಪ್ಪಿದರೂ ರಕ್ಷಿತಾ ಎಸೆಯುತ್ತಲೇ ಇದ್ದಳು. ಪ್ರೇಮಲತಾರ ಕಣ್ಣು ಅವಳ ಮೇಲೇ ಇತ್ತು.