ಕೂತು ಹತ್ತಿದ ಗುಡ್ಡ

ಅತ್ತೆಯವರನ್ನು ಗುಡ್ಡ ಹತ್ತಗೊಡುವುದಿಲ್ಲವೆಂದು ನಾನು ನಮ್ಮ ಮನೆಯವರಿಗೆ ಮಾತು ಕೊಟ್ಟಿದ್ದೆ. ಆ ಮಾತಿನ ಮೇಲೆಯೇ ಅವರು ನಮ್ಮಿಬ್ಬರನ್ನು ಕಳಿಸಲು ಒಪ್ಪಿದ್ದು.

"ನಡಿಯಾಕ ಬೇಕಾದ್ರ ನಡೀಲಿ, ನಾ ಬ್ಯಾಡ ಅನ್ನಂಗಿಲ್ಲ. ಗುಡ್ಡದ ಬುಡಕ್ಕ ಕುಂದ್ರಿಸಿ, ಅಲ್ಲೇ ಒಂದು ಕಾಯಿ ಒಡಿಸಿ, ಬಸ್ಸಿಗೆ ಕರಕೊಂಡು ಬಾ. ಡಾಕ್ಟ್ರು ಏನಂದಾರ ನೀನೂ ಕೇಳೀದಿ," ಎಂದು ಅವರು ನನಗೆ ಹೇಳುವಾಗ ಅತ್ತೆಯವರು ಪಕ್ಕದಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದರು.

"ಆತಪ್ಪಾ," ಎಂದರು, ತಲೆ ಎತ್ತದೆ.

ಅವರ ಬಲ ಮೊಣಕಾಲು ಸವೆದಿತ್ತು. ಸಪಾಟು ನೆಲದಲ್ಲಿ ನಡೆದರೆ ಒಳ್ಳೆಯದೇ, ಆದರೆ ಮೆಟ್ಟಿಲು, ಏರು ಬೇಡ, ಕಾಲು ಮಡಚಿ ಕೂರುವುದಂತೂ ಬೇಡವೇ ಬೇಡ ಎಂದು ಹೊಸಪೇಟೆಯ ಮೂಳೆ ಡಾಕ್ಟರು ಹೇಳಿದ್ದರು. ಹಿಂದಿನ ವರ್ಷ ನೋವು ಜೋರಾಗಿ ಅವರು ಮನೆಯಲ್ಲೇ ಉಳಿದಿದ್ದರು. ಅದಕ್ಕೆ ಮೊದಲು ಎಂಟು ವರ್ಷ ಒಂದು ಸಲವೂ ಈ ಯಾತ್ರೆ ತಪ್ಪಿಸಿರಲಿಲ್ಲ. ದಸರೆ ಮುಗಿದು ದೀಪಾವಳಿಗೆ ಇನ್ನೂ ದಿನಗಳಿವೆ ಎನ್ನುವಾಗ ನಮ್ಮ ಓಣಿಯ ನಾಲ್ಕೈದು ಹೆಂಗಸರು ಹಗರಿಬೊಮ್ಮನಹಳ್ಳಿಯಿಂದ ಕಾಲ್ನಡಿಗೆಯಲ್ಲಿ ಹೊರಡುತ್ತಿದ್ದರು. ಮೊದಲ ದಿನ ಕೊಟ್ಟೂರು, ಎರಡನೆಯ ದಿನ ಕೂಡ್ಲಿಗಿ, ಮೂರನೆಯ ದಿನ ಮಧ್ಯಾಹ್ನಕ್ಕೆ ಕೂಡ್ಲಿಗಿ ಆಚೆಯ ಒಂದು ಸಣ್ಣ ಊರು. ಆ ಊರ ಬೆನ್ನಿಗೆ ಒಂದೇ ಬಂಡೆಯಂಥ ಗುಡ್ಡ. ಮೇಲೆ ಸೂರಿಲ್ಲದ ಗುಡಿಯಲ್ಲಿ ಒಬ್ಬ ದೇವಿ ಇದ್ದಾಳೆ. ಗುಡ್ಡದವ್ವ ಎನ್ನುತ್ತಾರೆ. ಅಲ್ಲಿ ಪೂಜಾರಿ ಇಲ್ಲ. ಹೋದವರೇ ನೀರು ಹಾಕಿ, ಕುಂಕುಮ ಹಚ್ಚಿ ಬರಬೇಕು.

ತೊಂಬತ್ತರ ದಶಕದ ಕೊನೆಯ ವರ್ಷಗಳಿರಬೇಕು. ಮದುವೆಯಾಗಿ ಬಂದು ಅಷ್ಟು ವರ್ಷಗಳಾಗಿದ್ದರೂ ನಾನು ಅವರ ಜೊತೆ ಹೋದದ್ದು ಅದೇ ಮೊದಲು. ಬಳ್ಳಾರಿಯ ಕಾನ್ವೆಂಟಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದಿದವಳು ನಾನು; ಬೂಟು ಇಲ್ಲದೆ ದೂರ ನಡೆದವಳಲ್ಲ. ಮಗಳ ಹಳೆಯ ಬಿಳಿ ಕ್ಯಾನ್ವಾಸ್ ಬೂಟು ನನಗೆ ಸರಿಯಾಗುತ್ತಿತ್ತು. ಅದನ್ನೇ ಸೀರೆಯ ಕೆಳಗೆ ಹಾಕಿಕೊಂಡು ಬೆಳಿಗ್ಗೆ ಓಣಿಗೆ ಇಳಿದೆ. ನಮ್ಮ ಜೊತೆ ಬರುವವರಲ್ಲಿ ಬಳೆ ಅಂಗಡಿಯ ಅಕ್ಕ ಬಾಯಿ ಜೋರಿನವರು. ನನ್ನ ಪಾದ ನೋಡಿ ಅಲ್ಲೇ ನಿಂತರು.

"ನೋಡ್ರವ್ವ, ಡ್ರಿಲ್ ಮಾಸ್ತರು ಬಂದಾರ! ಸಾಲಾಗಿ ನಡೀರಿ, ಇಲ್ಲಾಂದ್ರ ಸೀಟಿ ಹೊಡೀತಾರ."

ಕೊಟ್ಟೂರಿನ ತನಕ ಅವರು ನನ್ನನ್ನು ಮಾಸ್ತರ ಎಂದೇ ಕರೆದರು.

ಆಗ ಕೊಟ್ಟೂರಿನ ಪ್ಯಾಸೆಂಜರ್ ರೈಲು ನಿಂತುಹೋಗಿತ್ತು. ಹಳಿಯ ಪಕ್ಕದ ಕಾಲುದಾರಿ ಹಿಡಿದರೆ ಲಾರಿಗಳ ಕಾಟವಿಲ್ಲ. ಹಳಿಯ ನಡುವೆ ನಡೆದು ನೋಡಿದೆ. ಒಂದೊಂದೇ ಅಡ್ಡಪಟ್ಟಿ ತುಳಿದರೆ ಹೆಜ್ಜೆ ತೀರ ಗಿಡ್ಡ, ಒಂದು ಬಿಟ್ಟು ಒಂದು ತುಳಿದರೆ ತೀರ ಉದ್ದ. ಅತ್ತೆಯವರು ಪಕ್ಕದಲ್ಲಿ ಗಂಟು ತಲೆಯ ಮೇಲಿಟ್ಟುಕೊಂಡು, ಬೆಳಿಗ್ಗೆ ಎಂಟಕ್ಕೂ ಸಂಜೆ ಐದಕ್ಕೂ ಒಂದೇ ವೇಗದಲ್ಲಿ ನಡೆದರು. ಮರ ಸಿಕ್ಕಿದಲ್ಲೆಲ್ಲ ನಿಲ್ಲುವುದಿಲ್ಲ. ನೀರು ಸಿಕ್ಕಿದಲ್ಲಿ ಮಾತ್ರ ನಿಲ್ಲುತ್ತಾರೆ. ಮುಖ ತೊಳೆದು, ಸಜ್ಜೆ ರೊಟ್ಟಿ ಮುರಿದು ಚಟ್ನಿಪುಡಿ ಹಚ್ಚಿ ಎಲ್ಲರ ಕೈಗೂ ಇಟ್ಟು, ಮತ್ತೆ ಎದ್ದು ಹೊರಡುತ್ತಾರೆ. ಮನೆಯಲ್ಲಿ ಅವರು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ದಾರಿಯಲ್ಲಿ ಯಾರ ಹೊಲದ ಜೋಳ ಎಷ್ಟು ಎತ್ತರ, ಯಾವ ಬಾವಿಯ ನೀರು ಸವಳು, ಯಾವ ಊರಿನ ಹೆಂಗಸರು ಚೆನ್ನಾಗಿ ರೊಟ್ಟಿ ಬಡಿಯುತ್ತಾರೆ ಎಂದು ಹೇಳುತ್ತಲೇ ಇದ್ದರು.

ಎರಡನೆಯ ದಿನ, ಕೂಡ್ಲಿಗಿ ಇನ್ನೂ ಕಾಣದಿದ್ದಾಗ, ನನಗೊಬ್ಬಳಿಗೇ ಕೇಳುವಂತೆ ಅಂದರು: "ಎಂಟು ಸಲ ಹತ್ತೀನಿ ಆ ಗುಡ್ಡಾನ. ಎಂಟಕ್ಕ ಬಿಟ್ರ ಉಣ್ಣೋ ಎಲಿ ಮುಂದಿಂದ ಅರ್ಧಕ್ಕ ಎದ್ದಂಗ ಆಕ್ಕೈತಿ ನೋಡವ್ವ. ದೇವಿ ಲೆಕ್ಕ ಒಂಬತ್ತು, ಅದೊಂದು ಆಗಿಬಿಟ್ರ ಸಾಕು. ಆಮ್ಯಾಲ ನೀವು ಬಾ ಅಂದ್ರೂ ಬರಂಗಿಲ್ಲ."

ಮನೆಯವರಿಗೆ ಕೊಟ್ಟ ಮಾತನ್ನು ನೆನೆಯುತ್ತ ನಾನು ಹೆಜ್ಜೆ ಬೇಗ ಬೇಗ ಹಾಕಿದೆ.

ಮೂರನೆಯ ದಿನ ಗುಡ್ಡದ ಊರು ತಲುಪಿದೆವು. ಪ್ರತಿ ವರ್ಷ ಇಳಿದುಕೊಳ್ಳುವ ಮನೆಯ ಯಜಮಾನ್ತಿ ಪಡಸಾಲೆ ಗುಡಿಸಿ ಕಾದಿದ್ದಳು. ಗುಡ್ಡದಲ್ಲಿ ಸೀತಾಫಲ ಹಣ್ಣಾಗಿತ್ತು, ಅದನ್ನು ತಿನ್ನಲು ಕರಡಿಗಳು ಓಡಾಡುತ್ತಿದ್ದವು. "ಬೆಳಕು ಹರದು ಅಂಗೈ ಗೆರಿ ಕಾಣೋತನ ಯಾರೂ ಮ್ಯಾಲ ಹೋಗಬ್ಯಾಡ್ರಿ. ಹೋಗೋವಾಗ ತಾಟು ಬಡಕೋಂತ ಹೋಗ್ರಿ, ಸಪ್ಪಳಕ್ಕ ಅವು ದೂರ ಹೋಗ್ತಾವ," ಎಂದಳು. ಹಾಗೆಂದು ಬಹಳ ತಡವಾಗಿ ಹೊರಡುವಂತೆಯೂ ಇಲ್ಲ. ಮೇಲೆ ಚಪ್ಪಲಿ ಹಾಕುವ ಹಾಗಿಲ್ಲ, ಒಂಬತ್ತು ಗಂಟೆಯ ಮೇಲೆ ಬಂಡೆ ಕಾದ ಹೆಂಚು. ಮಲಗುವ ಮುಂಚೆ ಅತ್ತೆಯವರಿಗೆ ಜ್ಞಾಪಿಸಿದೆ: "ನಾಳೆ ನಾವಿಬ್ಬರೂ ಇಲ್ಲೇ ಕುಂದ್ರೋಣ್ರಿ, ಅತ್ತಿ."

"ಆತು," ಎಂದರು.

ಬೆಳಿಗ್ಗೆ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಅವರ ಕೌದಿ ನಾಲ್ಕು ಮಡಿಕೆಯಾಗಿ ಕೂತಿತ್ತು. ಹೊರಗೆ ಯಜಮಾನ್ತಿ ಅಂಗಳಕ್ಕೆ ನೀರು ಹಾಕುತ್ತಿದ್ದಳು.

"ನಿಮ್ಮತ್ತಿ ಆಗ್ಲೇ ಹೋದ್ರಲ್ಲ! ಕೈ ಹಿಂಗ ಮುಂದ ಹಿಡಕೊಂಡು ನೋಡಿದ್ರು, ಗೆರಿ ಕಂಡ್ವು ಅಂದ್ರು, ತಾಟು ಚಮಚ ಇಸಗೊಂಡು ನಡದ್ರು."

ಗುಡ್ಡದ ಕಡೆಯಿಂದ ಟಣ್ ಟಣ್ ಎಂದು ಕೇಳಿಸಿತು. ಸ್ವಲ್ಪ ಬಿಟ್ಟು ಮತ್ತೆ, ಟಣ್. ನಾನು ಮುಖವನ್ನೂ ತೊಳೆಯದೆ ಓಡಿದೆ.

ಬಂಡೆ ಬುಡದಿಂದಲೇ ಕಡಿದಾಗಿ ಏಳುತ್ತದೆ. ಯಾವ ಕಾಲದಲ್ಲೋ ಯಾರೋ ಉಳಿಯಿಂದ ಕೊರೆದ ಗುಳಿಗಳಿವೆ. ಒಂದೊಂದರಲ್ಲಿ ಪಾದದ ಮುಂಭಾಗ ಮಾತ್ರ ಹಿಡಿಯುತ್ತದೆ. ಬೂಟು ಬಿಚ್ಚಿಟ್ಟು ಕೈ ಊರಿ ಏರತೊಡಗಿದೆ. ಬರಿಗಾಲಿಗೆ ಕಲ್ಲು ತಣ್ಣಗೆ, ಉಪ್ಪಿನ ಹರಳಿನಂತೆ ಒರಟಾಗಿ, ಹಿಡಿತ ಕೊಡುವ ಹಾಗಿತ್ತು. ಮೂಗಿನಿಂದ ಗೇಣುದ್ದದಲ್ಲಿ ಬಂಡೆ ಬಿಟ್ಟರೆ ಬೇರೇನೂ ಕಾಣಿಸಲಿಲ್ಲ: ಅಭ್ರಕದ ಮಿಂಚು, ಮಳೆನೀರು ಇಳಿದ ಕಪ್ಪು ಗೆರೆ, ಒಂದು ತಗ್ಗಿನಲ್ಲಿ ಬಟ್ಟಲಿನಷ್ಟು ನೀರು, ಅದರ ಅಂಚಿನಲ್ಲಿ ಉಗುರಿನಷ್ಟು ಹಸಿರು. ಹಿಂದೆ ತಿರುಗಿ ನೋಡಲು ಧೈರ್ಯವಿರಲಿಲ್ಲ. ಅತ್ತೆಯವರು ಜಾರಿದ್ದರೆ? ಮನೆಯವರಿಗೆ ಏನೆಂದು ಹೇಳಲಿ? ಟಣ್ ಎಂಬ ಸದ್ದು ಬಂದಾಗೊಮ್ಮೆ ಉಸಿರು ಬಿಡುತ್ತಿದ್ದೆ.

ಮೂರರಲ್ಲಿ ಒಂದು ಪಾಲು ಏರಿರಬೇಕು, ಅವರು ಸಿಕ್ಕರು. ಗುಡ್ಡಕ್ಕೆ ಬೆನ್ನು ಕೊಟ್ಟು, ಊರಿನ ಕಡೆ ಮುಖಮಾಡಿ ಬಂಡೆಯ ಮೇಲೆ ಕೂತಿದ್ದರು. ಬಲಗಾಲು ನೆಟ್ಟಗೆ ಮುಂದೆ ಚಾಚಿತ್ತು. ಎಡ ಪಾದ ಒಂದು ಗುಳಿಯಲ್ಲಿ ಊರಿತ್ತು. ಎರಡೂ ಅಂಗೈ ಹಿಂದಕ್ಕಿಟ್ಟು, ಎಡಗಾಲಿನಿಂದ ಒತ್ತಿ, ಗೇಣುದ್ದ ಮೇಲೆ ಸರಿದು ಕೂತರು. ತೊಡೆಯ ಮೇಲಿದ್ದ ತಾಟು ಎತ್ತಿ ಒಮ್ಮೆ ಬಡಿದರು. ಮತ್ತೆ ಗೇಣುದ್ದ. ಅಂಗಳ ಸಗಣಿಯಿಂದ ಸಾರಿಸುವಾಗ ಹಸಿ ನೆಲ ತುಳಿಯಬಾರದೆಂದು ನಮ್ಮ ಹೆಂಗಸರು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರಲ್ಲ, ಅದೇ ರೀತಿ. ಸೊಂಟಕ್ಕೆ, ಹಿಂಭಾಗ ಮುಚ್ಚುವಂತೆ, ಗೋಣಿತಟ್ಟು ಕಟ್ಟಿಕೊಂಡಿದ್ದರು. ನಮ್ಮದೇ ದಲ್ಲಾಳಿ ಅಂಗಡಿಯ ಶೇಂಗಾ ಚೀಲ. ಅಂಗಡಿಯ ನೀಲಿ ಮಾರ್ಕು ಅಂಚಿನಲ್ಲಿ ಕಾಣುತ್ತಿತ್ತು. ಕೊಟ್ಟೂರಿನಲ್ಲಿ ಅವರ ಗಂಟಿನಲ್ಲಿ ಅದನ್ನು ನೋಡಿ ಯಾಕೆಂದು ಕೇಳಿದ್ದೆ. ಕುಂದ್ರಾಕ ಅಂದಿದ್ದರು.

"ಎದ್ಯಾ? ಚಾ ಕುಡದೇನು?" ಎಂದರು, ಅಡುಗೆಮನೆಯಲ್ಲಿ ಕೇಳುವ ಹಾಗೆ.

"ಅತ್ತೀ, ಇದೇನ್ರೀ ಇದು!"

"ಏನೈತಿ? ಮೊಣಕಾಲು ಮಡಚಬ್ಯಾಡ ಅಂದಾನ ಡಾಕ್ಟ್ರು. ಮಡಚಿಲ್ಲ. ಮುಟ್ಟಿ ನೋಡು, ಬಿಸಿ ಐತೇನು?"

ಮುಟ್ಟಿದೆ. ಬಿಸಿ ಇರಲಿಲ್ಲ, ಬಾವೂ ಇರಲಿಲ್ಲ. "ನಾ ಅವರಿಗೆ ಮಾತು ಕೊಟ್ಟೀನ್ರಿ," ಎಂದೆ. ಅಳು ಬರುವಂತಿತ್ತು.

"ನೀ ಕೊಟ್ಟೀದಿ. ನಾ ಎಲ್ಲಿ ಕೊಟ್ಟೆ?"

"ಆತು ಅಂದ್ರಲ್ಲ!"

"ನಲವತ್ತು ವರ್ಷದಿಂದ ಈ ಮನ್ಯಾಗ ಆತು ಆತು ಅನಕೋಂತ ಬಂದೀನಿ. ಅಂದಿದ್ದೆಲ್ಲಾ ಮಾಡೀನೇನು ನಾನು?"

ನಾನು ಬೇಡವೆಂದು ಕೈ ಹಿಡಿದರೆ ಅವರು ಇಳಿಯುತ್ತಿದ್ದರು. ಅಷ್ಟು ಜಗಳ ಮಾಡುವವರಲ್ಲ. ಇಳಿದು, ಬಸ್ಸು ಹತ್ತಿ, ಮನೆಗೆ ಬಂದು ಮತ್ತೆ ಶೇಂಗಾ ಸುಲಿಯುತ್ತಿದ್ದರು. ಎಂಟು ಎಂಟಾಗಿಯೇ ಉಳಿಯುತ್ತಿತ್ತು. ಅವರು ನನ್ನ ಮುಖ ನೋಡುತ್ತ ಕಾದರು. ಆ ಕಾಯುವಿಕೆ ನನಗೆ ತಡೆಯಲಾಗಲಿಲ್ಲ.

"ಸರೀರಿ ಒಂದೀಟು, ನಾನೂ ಕುಂದ್ರತೀನಿ," ಎಂದೆ.

ಬಂಡೆಗೆ ಬೆನ್ನು ಮಾಡಿ ತಿರುಗುವ ಆ ಒಂದು ಕ್ಷಣವೇ ಅತಿ ಕಷ್ಟದ್ದು. ಕಣ್ಣು ಮುಚ್ಚಿ ತಿರುಗಿ ಕೂತೆ. ಕಣ್ಣು ತೆರೆದರೆ ಕೂಡ್ಲಿಗಿಯ ಕಡೆಯ ಬಯಲೆಲ್ಲ ಎದುರಿಗಿತ್ತು. ಸೂರ್ಯ ನಮ್ಮ ಬೆನ್ನಿನ ಕಡೆ, ಗುಡ್ಡದ ಆಚೆ ಮೂಡಿದ್ದ. ಗುಡ್ಡದ ನೆರಳು ಊರು ದಾಟಿ, ಜೋಳದ ಹೊಲಗಳ ಮೇಲೆ ಬಹಳ ದೂರ ಉದ್ದಕ್ಕೆ ಮಲಗಿತ್ತು. ಆ ನೆರಳಿನೊಳಗೆ ಊರಿನ ಒಲೆಗಳ ಹೊಗೆ ನೀಲಿ; ನೆರಳಿನ ಆಚೆ ಹೊಲಗಳು ಹಳದಿ. ನಾವು ನಡೆದು ಬಂದ ದಾರಿ ಬಿಳಿ ನೂಲಿನಂತಿತ್ತು. ನಾನು ಇಷ್ಟು ಹೊತ್ತು ಕಲ್ಲು ನೋಡುತ್ತ ಏರಿದ್ದೆ. ಅತ್ತೆಯವರು ಇದನ್ನು ನೋಡುತ್ತ ಏರಿದ್ದರು.

"ನೆರಳು ಗಿಡ್ಡ ಆಗಾಕತ್ತೈತಿ ನೋಡು," ಎಂದರು ಅತ್ತೆಯವರು. "ಅದು ಊರೊಳಗ ಬರೋದ್ರಾಗ ನಾವು ಮ್ಯಾಲಿರಬೇಕು. ಆಮ್ಯಾಲ ಕಲ್ಲು ಕಾಯ್ತೈತಿ."

ಅಷ್ಟರಲ್ಲಿ ಬಳೆ ಅಂಗಡಿಯ ಅಕ್ಕ ಉಳಿದಿಬ್ಬರೊಂದಿಗೆ ತಾಟು ಬಡಿಯುತ್ತ ಬಂದು ನಮ್ಮನ್ನು ದಾಟಿದರು. "ಯವ್ವಾ! ಅತ್ತಿ ಸೊಸಿ ಕೂಡಿ ಗುಡ್ಡಾನ ಸಾರಸಾಕತ್ತಾರಲ್ಲ! ರಂಗೋಲಿ ನಾ ಹಾಕ್ಲೇನು?"

"ನೀ ಮೊದ್ಲು ಮ್ಯಾಲ ಮುಟ್ಟಲೇ," ಎಂದರು ಅತ್ತೆಯವರು.

ತುದಿಗೆ ಸ್ವಲ್ಪ ಕೆಳಗೆ ಒಂದು ನುಣುಪು ಜಾಗವಿದೆ. ಅಲ್ಲಿ ಗುಳಿಗಳೆಲ್ಲ ಸವೆದಿವೆ. ಅತ್ತೆಯವರು ಒತ್ತಿದರು; ಎಡ ಪಾದ ಹಿಡಿಯದೆ ಮೊಳದಷ್ಟು ಕೆಳಗೆ ಜಾರಿ ಬಂದರು. ತಾಟು ಕೈತಪ್ಪಿ ಗಣಗಣ ಎನ್ನುತ್ತ ಇಳಿದು ಹೋಯಿತು. ಅದರ ಸದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಾನು ಅವರ ಕೆಳಗೆ ಸರಿದು, ಕೊನೆಯ ಒಳ್ಳೆಯ ಗುಳಿಗಳಲ್ಲಿ ಎರಡೂ ಪಾದ ಗಟ್ಟಿಯಾಗಿ ಇಟ್ಟುಕೊಂಡೆ.

"ನನ್ನ ಹೆಗಲ ಮ್ಯಾಲ ಕಾಲಿಟ್ಟು ಒತ್ರಿ."

"ಛೀ! ಮನಿ ಸೊಸಿಗೆ ಕಾಲು ತಾಗಸ್ತಾರೇನು?" ಪಾದವನ್ನು ಇನ್ನಷ್ಟು ಒಳಕ್ಕೆಳೆದುಕೊಂಡರು. ಬಂಡೆಯ ಮೇಲೆ ಜಾರಿದಾಗ ಬಾರದ ಹೆದರಿಕೆ ಆಗ ಅವರ ಮುಖದಲ್ಲಿ ಕಂಡಿತು. "ಬ್ಯಾಡವ್ವ. ಸಾಕು. ಇಳಿಯೋಣು."

"ಇಲ್ಲಿತನ ಬಂದು?"

ನಾನೇ ಹಿಂದಕ್ಕೆ ಕೈ ಚಾಚಿ ಅವರ ಎಡ ಪಾದ ಹಿಡಿದು ಹೆಗಲ ಮೇಲಿಟ್ಟುಕೊಂಡೆ. ಹಿಮ್ಮಡಿ ಬಿರುಕು ಬಿಟ್ಟಿತ್ತು, ಹರಳೆಣ್ಣೆಯ ವಾಸನೆ ಇತ್ತು. ಒಂದು ಗಳಿಗೆ ಅದು ನನ್ನ ಹೆಗಲ ಮೇಲೆ ಭಾರವೇ ಇಲ್ಲದೆ ಕೂತಿತ್ತು. ಆಮೇಲೆ ಒತ್ತಿದರು. ಗೇಣುದ್ದ ಮೇಲೆ ಸರಿದು, ಬಾಗಿ, ನನ್ನ ಹೆಗಲು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ನಾನು ಮುಂದಿನ ಹಿಡಿತ ಹುಡುಕಿ ಮೇಲೆ ಸರಿದೆ. ಮತ್ತೆ ಪಾದ, ಮತ್ತೆ ಒತ್ತು, ಮತ್ತೆ ಕಣ್ಣಿಗೆ. ಆರೇಳು ಸಲವಾದರೂ ಆಯಿತು. ಒಂದು ಸಲವೂ ಕಣ್ಣಿಗೊತ್ತಿಕೊಳ್ಳುವುದನ್ನು ಬಿಡಲಿಲ್ಲ.

ಮೇಲೆ ಗಾಳಿ ಜೋರಾಗಿತ್ತು. ಅರಿಶಿನ ಹಚ್ಚಿದ ಮೂರು ಕಲ್ಲು, ಹಳೆಯ ಬಳೆಗಳ ರಾಶಿ. ಅತ್ತೆಯವರು ಕಾಲು ಚಾಚಿ ಕೂತೇ, ಬಳೆ ಅಂಗಡಿಯ ಅಕ್ಕ ತಂದಿದ್ದ ನೀರು ಹಾಕಿದರು, ಕಾಯಿ ಒಡೆದರು. "ಒಂಬತ್ತಾತವ್ವ," ಎಂದು ಕಲ್ಲಿಗೆ ಹೇಳಿದರು, ನೆರೆಮನೆಯವಳಿಗೆ ಹೇಳುವ ಹಾಗೆ. "ಇನ್ನ ನಾ ಬರಂಗಿಲ್ಲ. ನೀನ ಬರ್ಬೇಕು ನಮ್ಮ ಮನಿಗೆ."

ಅದೇ ರೀತಿ ಕೂತುಕೊಂಡೇ ಇಳಿದೆವು. ಇಳಿಯುವಾಗ ನಾನು ಮುಂದೆ ಇದ್ದೆ.

ಕೂಡ್ಲಿಗಿಯ ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನು ಹಚ್ಚಿದೆ. ಗುಡ್ಡದ ಬುಡದಿಂದ ಅಲ್ಲಿಯ ತನಕ ಒಂದು ಸುಳ್ಳನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದೆ. ಮನೆಯವರು "ಹಲೋ" ಎಂದ ಕೂಡಲೇ ಅದು ಹಾರಿಹೋಯಿತು.

"ಅತ್ತಿ ಹತ್ತಿದ್ರು. ನಾ ತಡೀಲಿಲ್ಲರಿ," ಎಂದೆ.

ಆ ಕಡೆ ತಕ್ಕಡಿಗೆ ಚೀಲ ಇಡುವ ಸದ್ದು ಕೇಳಿಸುತ್ತಿತ್ತು. ಅತ್ತೆಯವರು ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡರು.

"ಏ ತಮ್ಮಾ, ಆಕಿನ್ನ ಬೈಬ್ಯಾಡ. ಮೊಣಕಾಲು ಬೆಣ್ಣಿ ಇದ್ದಂಗ ಐತಿ. ಕುಂಡಿ ನೋಯಾಕತ್ತೈತಿ, ಅದಕ್ಕ ಡಾಕ್ಟ್ರು ಏನೂ ಅಂದಿಲ್ಲ."

ಬೂತಿನವನು ಮುಖ ಆ ಕಡೆ ತಿರುಗಿಸಿಕೊಂಡ. ರಿಸೀವರ್ ಮತ್ತೆ ನನ್ನ ಕೈಗೆ ಬಂತು. ಮನೆಯವರು ಮೆಲ್ಲಗೆ ಕೇಳಿದರು: "ನೀ ಎಲ್ಲಿದ್ದಿ, ಆಕಿ ಹತ್ತೋವಾಗ?"

"ಕೆಳಗ. ಅವರ ಕಾಲ ಕೆಳಗ."

"ಹಂಗಾದ್ರ ಬಿಡು," ಎಂದರು. ಮತ್ತೆ, "ಬಸ್ಸಿಗೆ ಬರ್ರಿ. ಇಬ್ಬರೂ ಆರಾಮಾಗಿ ಕುಂತು ಬರ್ರಿ," ಎಂದರು.

ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ ಇತ್ತು. ಅತ್ತೆಯವರು ಒಮ್ಮೆ ಕೂತು ನೋಡಿ ತಟ್ಟನೆ ಎದ್ದು ಕಂಬಿ ಹಿಡಿದು ನಿಂತರು. ಅವರ ಪಕ್ಕದಲ್ಲಿ ನಾನೂ ಕೂತು ನೋಡಿ ಎದ್ದೆ. ಕಂಡಕ್ಟರ್ ಟಿಕೀಟು ಹರಿಯುತ್ತ ನಮ್ಮನ್ನೂ ಸೀಟುಗಳನ್ನೂ ನೋಡಿದ.

"ಅಮ್ಮಾ, ಕುಂದ್ರಬಾರದ?"

"ಮುಂಜಾನಿಂದ ಕುಂತೇ ಬಂದೀವಪ್ಪ," ಎಂದರು ಅತ್ತೆಯವರು. ಹಗರಿಬೊಮ್ಮನಹಳ್ಳಿಯ ತನಕ ಇಬ್ಬರೂ ನಿಂತುಕೊಂಡೇ ಬಂದೆವು.