ಗಾಡಿಗೆ ಹಾಕಿದ ರೇಸಿನ ಮೇವು

ಬೆಳಗಿನ ಒಂಬತ್ತು ಗಂಟೆ ನಲವತ್ತೆರಡು ನಿಮಿಷ. ಸವಣೂರಿನ ನಿಶ್ಚಿತಾರ್ಥಕ್ಕೆ ತಡವಾಯಿತೆಂದು ಬೈಕಿನ ಹಿಂದೆ ಕುಳಿತು ಕೈಗಡಿಯಾರ ನೋಡಿಕೊಳ್ಳುತ್ತಿದ್ದಾಗಲೇ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಹಾನಗಲ್ ಬಿಟ್ಟು ಬಹಳ ಹೊತ್ತಾಗಿತ್ತು. ಬಂಕಾಪುರ ಇನ್ನೇನು ಬರುವುದರಲ್ಲಿತ್ತು.

"ರೀ, ಏನೋ ವಾಸನಿ ಬರಾಕತ್ತೈತಿ."

"ರೇಸಿನ ಎಣ್ಣಿ ಅದು, ಘಮ್ ಅಂತಿರತೈತಿ," ಎಂದರು ನಮ್ಮ ಯಜಮಾನರು, ಮಸಾಲೆ ರುಬ್ಬಿದವರ ಹೆಮ್ಮೆಯಿಂದ.

ಆ ಎಣ್ಣೆ ನಮ್ಮ ಮನೆಗೆ ಬಂದದ್ದು ಶಿಗ್ಗಾಂವಿಯ ಗೆಳೆಯರೊಬ್ಬರ ಪ್ರೀತಿಯಿಂದ. ಯಾವುದೋ ರೇಸ್ ಟ್ರ್ಯಾಕಿಗೆ ಹೋಗಿದ್ದ ಅವರು, ಅಲ್ಲಿನ ಗಾಡಿಗಳಿಗೆ ಹಾಕುವ ಹೈ ಆಕ್ಟೇನ್ ಇಂಧನವನ್ನು ಐದು ಲೀಟರಿನ ಕ್ಯಾನಿನಲ್ಲಿ ತಂದುಕೊಟ್ಟಿದ್ದರು. ನಮ್ಮ ಬೈಕು ನಮ್ಮ ಮದುವೆಗಿಂತ ಹಳೆಯದು. ಹೊಲಕ್ಕೆ ಹಿಂಡಿಚೀಲ ಸಾಗಿಸುವುದು ಅದರ ಕಸುಬು. ಅದು ರೇಸಿಗೆ ಹೋಗಲಿಕ್ಕಿಲ್ಲ ಎಂದು ನಾನು ಹೇಳಿದ್ದುಂಟು. ಅದಕ್ಕೆ ಸಿಕ್ಕ ಉತ್ತರ: "ಬರೇ ಒಣ ಕಣಕಿ ತಿಂದ ಹೋರಿ ಓಡತೈತೇನು?"

ನಮ್ಮ ಸೀಮೆಯವರಿಗೆ ಈ ಮಾತಿನ ತೂಕ ಗೊತ್ತು. ದೀಪಾವಳಿಯ ನಂತರ, ಜನರ ನಡುವೆ ಹೋರಿಗಳನ್ನು ಓಡಿಸುವ ಹೋರಿ ಬೆದರಿಸುವ ಸ್ಪರ್ಧೆಗಳು ಶುರುವಾಗುತ್ತವೆ. ಅದಕ್ಕೆ ವಾರಗಟ್ಟಲೆ ಮೊದಲೇ ಸಾಕಿದವರು ಹೋರಿಗೆ ಹುರುಳಿ, ಹತ್ತಿಕಾಳು, ತತ್ತಿ ಎಂದು ಬಾಣಂತಿಯ ಆರೈಕೆ ಮಾಡುತ್ತಾರೆ. ಹೊಸ ಮೇವು ಒಮ್ಮೆಲೇ ಹಾಕಿದರೆ ಹೊಟ್ಟೆ ಕೆಡುತ್ತದೆ. ಆದ್ದರಿಂದ ಮೊದಲು ಕಾಲುಪಾಲು, ಆಮೇಲೆ ಅರ್ಧ, ಕೊನೆಗೆ ಪೂರ್ತಿ. ಬೈಕಿಗೂ ಅದನ್ನೇ ಮಾಡಿದರು. ಹತ್ತು ದಿನ ದಿನವೂ ಬೆಳಿಗ್ಗೆ ಅಳೆದು ಬೆರೆಸಿ, ಟ್ಯಾಂಕಿನ ಬೆನ್ನು ಸವರಿ, "ರೂಢಿ ಆಗಾಕತ್ತೈತಿ ನೋಡು," ಎನ್ನುತ್ತಿದ್ದರು.

ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಆಕ್ಟೇನ್ ಎನ್ನುವುದು ಇಂಧನದ ಶಕ್ತಿಯ ಅಳತೆಯಲ್ಲ, ತಾಳ್ಮೆಯ ಅಳತೆ. ಎಂಜಿನ್ನಿನೊಳಗೆ ಹಿಂಡಿದಾಗ ಹೊತ್ತಿಗೆ ಮುಂಚೆ ಸಿಡಿಯದೆ ಎಷ್ಟು ತಡೆದುಕೊಳ್ಳುತ್ತದೆ ಎಂಬ ಲೆಕ್ಕ. ಮೆಲ್ಲಗೆ ಹಿಂಡುವ ನಮ್ಮ ಮುದಿ ಎಂಜಿನ್ನಿಗೆ ಅಷ್ಟು ತಾಳ್ಮೆ ಬೇಕಿರಲಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಹೇಳಿದ್ದು ಒಂದೇ ಮಾತು: "ನಿಮ್ಮ ಇಷ್ಟರಿ." ಪರೀಕ್ಷೆಯಲ್ಲಿ ಎರಡು ಪುಟ ಬರೆದ ಉತ್ತರ ಅಡುಗೆಮನೆಯಿಂದ ಪಡಸಾಲೆಗೆ ದಾಟಲಿಲ್ಲ. ಹಾಗೆ ನೋಡಿದರೆ, ಆ ಎಣ್ಣೆಯಲ್ಲಿ ಆಲ್ಕೋಹಾಲೂ ಬೆರೆತಿತ್ತು, ಅದು ಹಳೆಯ ರಬ್ಬರನ್ನು ತಿನ್ನುತ್ತದೆ ಎಂಬುದು ನನಗೂ ಹೊಳೆದಿರಲಿಲ್ಲ.

ವಾಸನೆಯ ಹಿಂದೆಯೇ ಯಜಮಾನರ ಎಡಗಾಲಿನ ಹತ್ತಿರ ಭಗ್ಗೆಂದು ಬೆಂಕಿ ಎದ್ದಿತು. ಅವರು ಗಕ್ಕನೆ ಬ್ರೇಕ್ ಹಾಕಿದರು. ಗಾಡಿ ಪೂರ್ತಿ ನಿಲ್ಲುವ ಮೊದಲೇ ನಾನು ಸೀರೆ ಎತ್ತಿ ಜಿಗಿದು ಓಡಿದೆ. ತಿರುಗಿ ನೋಡಿದರೆ ಅವರು ಇಳಿದೇ ಇಲ್ಲ! ಎರಡೂ ಕಾಲು ನೆಲಕ್ಕೂರಿ, ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಬಂದ್ ಮಾಡಲು ಬೆಂಕಿಯೊಳಗೇ ಕೈ ಹಾಕುತ್ತಿದ್ದಾರೆ. ನಾನು ರಸ್ತೆಯಾಚೆ ನಿಂತುಬಿಟ್ಟೆ. ರಸ್ತೆಯಂಚಿಗೆ ಗೋವಿನಜೋಳ ಒಣಹಾಕಿದ್ದ ಅಜ್ಜ ಬುಟ್ಟಿ ತುಂಬ ಮಣ್ಣು ತಂದು ಸುರಿದು, ನನ್ನತ್ತ ಕೈ ಮಾಡಿ ಬೈದ:

"ಇಳಿಯೋ ಹುಚ್ಚಪ್ಪ! ಗಾಡಿ ಇನ್ನೊಂದು ಸಿಗತೈತಿ, ಕಾಲು ಸಿಗೂದಿಲ್ಲ!"

ಕೊನೆಗೂ ಇಳಿದರು. ಗಾಡಿ ಮಗುಚಿತು, ಮಣ್ಣಿಗೆ ಬೆಂಕಿ ಆರಿತು. ಅವರ ಎಡಗೈಯ ಮೂರು ಬೆರಳಿಗೆ ಬೊಬ್ಬೆ, ಪ್ಯಾಂಟಿಗೆ ತೂತು. ಅಷ್ಟೇ. ಅಷ್ಟೇ ಎಂದು ಈಗ ಬರೆಯುತ್ತೇನೆ.

ಬಂಕಾಪುರದಿಂದ ಬಂದ ಮೆಕ್ಯಾನಿಕ್ ಮೌಲಾಸಾಬರು ಪೆಟ್ರೋಲ್ ಪೈಪಿನ ಉಳಿದ ತುಂಡನ್ನು ಬೆರಳಲ್ಲಿ ಹಿಸುಕಿದರು. ನೆನೆಹಾಕಿದ ಶಾವಿಗೆಯಂತೆ ಮೆತ್ತಗಾಗಿತ್ತು.

"ಏನ್ ಕುಡಿಸೀರಿ ಗೌಡ್ರ ಇದಕ್ಕ?"

ಯಜಮಾನರು ಹೇಳಿದರು, ರೂಢಿ ಮಾಡಿಸಿದ ಕ್ರಮವನ್ನೂ ಬಿಡದೆ.

"ಯಾ ಅಲ್ಲಾ! ಹೋರಿಗೆ ಹೊಟ್ಟಿ ಇರತೈತ್ರಿ, ರೂಢಿ ಆಗತೈತಿ. ರಬ್ಬರಿಗೆ ಎಲ್ಲಿ ಹೊಟ್ಟಿ? ಒಮ್ಮೆಲೇ ಸುರದಿದ್ರ ಒಂದು ದಿನದಾಗ ಓಡಿಸಿ ಮುಗಿಸ್ತಿದ್ರಿ. ನೀವು ಹತ್ತು ದಿನ ನೆನಿ ಹಾಕೀರಿ!"

ಎಲ್ಲರೂ ನಕ್ಕರು, ಯಜಮಾನರೂ. ನನಗೆ ನಗು ಬರಲಿಲ್ಲ. ಅಂದಿನಿಂದ ಕಣ್ಣು ಮುಚ್ಚಿದರೆ ಬೆಂಕಿಯೊಳಗೆ ಆ ಕೈ. ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು ನಿದ್ದೆಗೆಡಿಸುತ್ತಿತ್ತು. ಮೂವತ್ತು ವರ್ಷದ ಒಂದು ಕಬ್ಬಿಣದ ತುಂಡಿಗಾಗಿ ಈ ಮನುಷ್ಯ ನನ್ನನ್ನು ಒಬ್ಬಳನ್ನೇ ಬಿಟ್ಟುಹೋಗಲು ತಯಾರಿದ್ದರಲ್ಲ! ಹಿರೇಕೆರೂರಿನಿಂದ ಅವ್ವ ಫೋನಿನಲ್ಲಿ, "ಗಂಡಸರಿಗೆ ಗಾಡಿ ಅಂದ್ರ ಜೀವ, ಬಿಡು," ಎಂದಳು. ಬಿಡಲಾಗಲಿಲ್ಲ. ಪಕ್ಕದಲ್ಲಿ ಅವರೂ ಹೊರಳಾಡುತ್ತಿದ್ದರು, ಬೆರಳು ಉರಿಯುತ್ತಿರಬೇಕೆಂದುಕೊಂಡೆ.

ಹನ್ನೆರಡನೆಯ ದಿನ ಮಧ್ಯಾಹ್ನ ಬೆರಳಿಗೆ ಮುಲಾಮು ಹಚ್ಚುತ್ತ ಕೇಳಿಯೇಬಿಟ್ಟೆ: "ಅವತ್ತು ಯಾಕ ಇಳಿಲಿಲ್ಲ ನೀವು? ಗಾಡಿ ಅಷ್ಟು ದೊಡ್ಡದಾತೇನು?"

ಅವರು ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದರು.

"ನೀ ಹಿಂದ ಕುಂತೀ ಅಂತ ತಿಳಕೊಂಡಿದ್ನಲ್ಲ! ಒಂದ ಕಡೆ ಕಾಲು ಹಾಕ್ಕೊಂಡು ಕುಂತಾಕಿ; ನಾ ಇಳದ್ರ ಉರಿಯೋ ಗಾಡಿ ನಿನ್ನ ಮ್ಯಾಲ ಬೀಳತಿತ್ತು. ಆ ಅಜ್ಜ ನೀ ನಿಂತಿದ್ದ ಕಡೆ ಕೈ ತೋರಿಸಿದ ಮ್ಯಾಲ ಇಳದ್ನಿ. ಜಿಗಿಯೂ ಮುಂದ ಒಂದು ಮಾತು ಹೇಳಬಾರದೇನ?"

ಹೇಳಬಹುದಿತ್ತು. ರಸಾಯನಶಾಸ್ತ್ರವನ್ನೂ ಹೇಳಬಹುದಿತ್ತು. ನಾನು ಮುಲಾಮಿನ ಡಬ್ಬಿಯ ಮುಚ್ಚಳ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದೆ.

ಅಂದು ರಾತ್ರಿ ಇಬ್ಬರೂ ಎಂಥ ನಿದ್ದೆ ಮಾಡಿದೆವೆಂದರೆ, ವಾರಕ್ಕೊಮ್ಮೆ ನಸುಕಿನಲ್ಲಿ ಬರುವ ನಲ್ಲಿ ನೀರು ಬಂದು, ಓಣಿಯವರೆಲ್ಲ ಕೊಡಗಳಿಗಾಗಿ ಜಗಳಾಡಿ, ನೀರು ನಿಂತೂ ಹೋಗಿತ್ತು. ಬಿಸಿಲೇರಿದ ಮೇಲೆ ಎದ್ದು, ಪಕ್ಕದ ಮನೆಯ ಬಾಗಿಲಲ್ಲಿ ಖಾಲಿ ಕೊಡ ಹಿಡಿದು ನಿಂತೆವು, ಇಬ್ಬರೂ.