ಐವತ್ತೆರಡನೆಯ ನಿಮಿಷ

ಮನುಷ್ಯನ ಬುದ್ಧಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಭಯ ಆರಂಭವಾಗುತ್ತದೆ ಎಂಬುದು ನಿರ್ವಿವಾದ. ನನ್ನ ಮಟ್ಟಿಗೆ ಅದು ಆರಂಭವಾಗುತ್ತಿದ್ದದ್ದು ಶಾಲಾ ತಪಾಸಣೆಯ ಹಿಂದಿನ ದಿನ. ಅದೊಂದನ್ನು ಬಿಟ್ಟರೆ ದೆವ್ವ, ಪಿಶಾಚಿ, ಮಾಟ ಮುಂತಾದವನ್ನು ನಂಬದೆಯೇ ನಾನು ಎಪ್ಪತ್ತರ ಹತ್ತಿರ ಬಂದಿದ್ದೆ. ಮೂವತ್ತು ಚಿಲ್ಲರೆ ವರ್ಷ ಹರಿಹರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡಿದವನು ನಾನು. ಉತ್ತರಪತ್ರಿಕೆಗಳಲ್ಲಿ ಕಂಡದ್ದಕ್ಕಿಂತ ಭೀಕರವಾದದ್ದು ಪರಲೋಕದಲ್ಲಿ ಇರಲಾರದೆಂದು ತಿಳಿದಿದ್ದೆ. ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂಬ ಒತ್ತಾಯವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ದಾವಣಗೆರೆಯ ವಿದ್ಯಾನಗರದಲ್ಲಿ ಹೈಸ್ಕೂಲು ಹುಡುಗಿಯರ ಒಂದು ಹಾಸ್ಟೆಲ್ಲಿತ್ತು. ಅದರ ವಾರ್ಡನ್ ಶಾಂತಮ್ಮ ನನ್ನ ಹಳೆಯ ಶಿಷ್ಯೆ. ತಿಂಗಳಿಗೊಂದು ಭಾನುವಾರ ಮಕ್ಕಳಿಗೆ ಸಿನಿಮಾ ತೋರಿಸುವ ಪದ್ಧತಿ ಇಟ್ಟುಕೊಂಡಿದ್ದಳು. ಆ ಸಲ ಹುಡುಗಿಯರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟಿದ್ದರು. ಭಕ್ತಿಪ್ರಧಾನ ಚಿತ್ರಗಳು ಸಾಕಾಗಿವೆ, ದಯಮಾಡಿ ದೆವ್ವದ ಚಿತ್ರ ತೋರಿಸಬೇಕು ಎಂದು. ಯಾವ ಚಿತ್ರವೆಂಬುದನ್ನೂ ತಾವೇ ಸೂಚಿಸಿದ್ದರು. ಶಾಂತಮ್ಮ ಅದನ್ನು ಒಮ್ಮೆ ನೋಡಿದಳು. ತೀರ್ಮಾನಿಸುವ ಧೈರ್ಯ ಬರಲಿಲ್ಲ. ಪೆನ್ ಡ್ರೈವ್ ಹಿಡಿದುಕೊಂಡು ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಬಂದಳು.

"ಸಾರ್, ನೀವು ಹೂಂ ಅಂದ್ರ ತೋರಿಸ್ತೀನಿ, ಬ್ಯಾಡ ಅಂದ್ರ ಬಿಡ್ತೀನಿ. ಹದಿನಾಲ್ಕು ಹದಿನೈದು ವರ್ಷದ ಹುಡುಗೀರು. ಹೆದರ್ಕೊಂಡು ಕಿರುಚಿದ್ರ ಅಕ್ಕಪಕ್ಕದೋರು ಮೊದ್ಲು ನನ್ನೇ ಹಿಡ್ಕೊಳ್ಳೋದು."

ನಿವೃತ್ತನಾದ ಮೇಲೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಆದ್ದರಿಂದ ಕೆಲಸವನ್ನು ಅದಕ್ಕೆ ತಕ್ಕ ಗಾಂಭೀರ್ಯದಿಂದಲೇ ಕೈಗೆತ್ತಿಕೊಂಡೆ. ಒಬ್ಬನ ತೀರ್ಪು ತೀರ್ಪಲ್ಲ, ಇಬ್ಬರು ಮೌಲ್ಯಮಾಪಕರು ಬೇಕು ಎಂದೆ. ಎರಡನೆಯವರಾಗಿ ಹಾಲಪ್ಪ ಮೇಷ್ಟ್ರನ್ನು ನೇಮಿಸಿದೆ. ಅವರು ನಮ್ಮದೇ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು, ಈಗಲೂ ಹರಿಹರದಲ್ಲೇ ಇರುವವರು, ನಗುವುದನ್ನು ದಶಮಾಂಶದಲ್ಲಿ ಖರ್ಚು ಮಾಡುವವರು. ನಿಯಮಗಳನ್ನು ನಾನೇ ಮಾಡಿದೆ. ಚಿತ್ರಕ್ಕೆ ನೂರು ಅಂಕ. ಮಕ್ಕಳಿಗೆ ಯೋಗ್ಯವಲ್ಲದ್ದು ಕಂಡಲ್ಲೆಲ್ಲ ಎಷ್ಟನೆಯ ನಿಮಿಷ, ಏನು ಕಾರಣ ಎಂದು ಕೆಂಪು ಶಾಯಿಯಲ್ಲಿ ಬರೆದು ಅಂಕ ಕಳೆಯಬೇಕು. ಇಬ್ಬರೂ ಬೇರೆಬೇರೆಯಾಗಿ ನೋಡಬೇಕು, ನೋಡಿದ್ದನ್ನು ಮಾತಾಡಕೂಡದು. ಅಂತರ ಹದಿನೈದು ದಾಟಿದರೆ ಮೂರನೆಯವರು.

ಪೆನ್ ಡ್ರೈವ್ ಮೊದಲು ಹರಿಹರಕ್ಕೆ ಹೋಗಿ ಎರಡು ದಿನಕ್ಕೆ ವಾಪಸಾಯಿತು. "ನೋಡಿದಿರಾ?" ಎಂದು ಫೋನಿನಲ್ಲಿ ಕೇಳಿದೆ. "ನೋಡಿದೆ" ಎಂದರು. ಅಷ್ಟೇ. ನಿಯಮ ನಿಯಮವೇ.

ನಾನು ನೋಡಿದ್ದು ಗುರುವಾರ ಮಧ್ಯಾಹ್ನ ಮೂರು ಗಂಟೆಗೆ, ಕಿಟಕಿಗಳನ್ನೆಲ್ಲ ತೆರೆದಿಟ್ಟು. ಹೆದರಿಕೆಯಿಂದಲ್ಲ, ಬರೆಯಲು ಬೆಳಕು ಬೇಕಿತ್ತು. ಹೆಂಡತಿ ಪಕ್ಕದ ಕೋಣೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಚಿತ್ರದಲ್ಲಿ ಒಂದು ಹಳೆಯ ಬಂಗಲೆ, ಅದಕ್ಕೆ ಹೊಸದಾಗಿ ಬಂದ ಗಂಡ ಹೆಂಡತಿ, ಕೂದಲು ಕಟ್ಟಲು ಪುರಸೊತ್ತಿಲ್ಲದ ಒಂದು ದೆವ್ವ. ಹನ್ನೊಂದನೆಯ ನಿಮಿಷದಲ್ಲಿ ಗಂಡ ಸಿಗರೇಟು ಹಚ್ಚಿದ, ಎರಡು ಅಂಕ ಕಳೆದೆ. ಇಪ್ಪತ್ತನಾಲ್ಕರಲ್ಲಿ ದೆವ್ವದ ಉಗುರು ಕಂಡಿತು. ನೈರ್ಮಲ್ಯದ ದೃಷ್ಟಿಯಿಂದ ಒಂದು. ಮೂವತ್ತೆಂಟರಲ್ಲಿ ಬೈಗುಳ, ಮೂರು.

ಐವತ್ತೆರಡನೆಯ ನಿಮಿಷದಲ್ಲಿ ಬಂಗಲೆ ಹೋಗಿ ಒಂದು ತರಗತಿ ಬಂತು. ಸದ್ದು ಪೂರ್ತಿ ನಿಂತಿತು. ನಾಲ್ಕನೆಯ ಬೆಂಚಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕೈ ಎತ್ತಿಕೊಂಡು ನಿಂತಿದ್ದಳು. ಹಿಂದಿನ ಕಿಟಕಿಯ ಬೆಳಕಿಗೆ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಅವಳು ಕೈ ಇಳಿಸಲಿಲ್ಲ, ಬೇರೆ ಯಾರೂ ಬರಲಿಲ್ಲ, ಏನೂ ನಡೆಯಲಿಲ್ಲ. ನನಗೆ ಭಯವಾಗಲಿಲ್ಲ, ಕಿರಿಕಿರಿಯಾಯಿತು. ಹಾಳೆಯ ಮೇಲೆ ಹೀಗೆ ಬರೆದೆ: "೫೨. ಶಾಲೆಯ ದೃಶ್ಯ. ಹುಡುಗಿ ಕೈ ಎತ್ತಿದ್ದಾಳೆ. ಯಾರೂ ಕೇಳುವುದಿಲ್ಲ. ಅತಿ ದೀರ್ಘ. ಕಳೆ ಐದು." ಅಷ್ಟರಲ್ಲಿ ಹೆಂಡತಿ ಒಳಗಿನಿಂದ "ಯಾಕ, ನಿಲ್ಲಿಸಿದ್ರೇನು?" ಎಂದಳು. "ಇಲ್ಲ, ಓಡ್ತಾ ಐತೆ" ಎಂದೆ. ಮತ್ತೆ ಬಂಗಲೆ ಬಂತು, ಕಿರುಚಾಟ ಬಂತು, ಅದಕ್ಕೆ ನಾಲ್ಕು ಕಳೆದು ನಾನು ಸಮಾಧಾನಗೊಂಡೆ.

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಹಾಲಪ್ಪ ಮೇಷ್ಟ್ರ ಮನೆಯಲ್ಲಿ ಮಂಡಕ್ಕಿ, ಮಿರ್ಚಿ ಸಿದ್ಧವಾಗಿತ್ತು. ತಿಂದು, ಕೈ ತೊಳೆದು, ಪತ್ರಿಕೆಗಳನ್ನು ಅದಲುಬದಲು ಮಾಡಿಕೊಂಡೆವು. ನನ್ನದು ಎಂಬತ್ತೈದು, ಅವರದು ಎಂಬತ್ತೆರಡು. ಮೂರನೆಯವರ ಅಗತ್ಯ ಬೀಳಲಿಲ್ಲ. ಸಿಗರೇಟಿಗೆ ಅವರು ನಾಲ್ಕು ಕಳೆದಿದ್ದರು, ಉಗುರನ್ನು ಗಮನಿಸಿಯೇ ಇರಲಿಲ್ಲ. ಕೆಳಗೆ ಅವರ ಸಣ್ಣ, ನೆಟ್ಟಗಿನ ಅಕ್ಷರದಲ್ಲಿ ಹೀಗಿತ್ತು: "೫೨. ವಿದ್ಯಾರ್ಥಿನಿ ಕೈ ಎತ್ತಿದ್ದಾಳೆ. ಮೇಷ್ಟ್ರು ಇಲ್ಲ. ನೋಡಲು ಕಷ್ಟ. ಕಳೆ ಐದು."

"ಅದೊಂದು ಸೀನು ದಾಟಿಸಿ ತೋರಿಸು ಅಂತ ಶಾಂತಮ್ಮಗ ಹೇಳಿಬಿಡ್ರಿ" ಎಂದರು ಹಾಲಪ್ಪ. ಫೋನು ಮಾಡಿದೆ.

"ಯಾವ ಸ್ಕೂಲು ಸಾರ್?" ಎಂದಳು ಶಾಂತಮ್ಮ. "ಆ ಪಿಚ್ಚರ್‌ನಾಗ ಸ್ಕೂಲೇ ಇಲ್ಲ. ಎಲ್ಲಾ ಬಂಗಲೇನಾಗೇ ನಡೀತೈತೆ. ನೀವು ಬ್ಯಾರೆ ಯಾವ್ದೋ ನೋಡೀರಿ."

ಪೆನ್ ಡ್ರೈವ್ ನನ್ನ ಜೇಬಿನಲ್ಲೇ ಇತ್ತು. ಮೇಷ್ಟ್ರ ಟಿ.ವಿ.ಗೆ ಹಾಕಿದೆವು. ಐವತ್ತು, ಐವತ್ತೊಂದು. ಐವತ್ತೆರಡರಲ್ಲಿ ಹೆಂಡತಿಯಾದವಳು ಮೊಂಬತ್ತಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದಳು. ಐವತ್ತಮೂರರಲ್ಲೂ ಇಳಿಯುತ್ತಲೇ ಇದ್ದಳು. ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆವು. ಮೂರು ಸಲ ನೋಡಿದೆವು. ಆಮೇಲೆ ಮೊದಲಿನಿಂದ ಕೊನೆಯವರೆಗೆ ಒಟ್ಟಿಗೆ ಕೂತು ನೋಡಿದೆವು. ಸಿಗರೇಟಿತ್ತು, ಉಗುರಿತ್ತು, ಬೈಗುಳವಿತ್ತು. ತರಗತಿ ಇರಲಿಲ್ಲ.

ಹಾಲಪ್ಪ ಟಿ.ವಿ. ಆರಿಸಿದರು. ಆಮೇಲೆ ಕೇಳಿದರು: "ಮೇಷ್ಟ್ರೇ, ಯಾವ ಕೈ ಎತ್ತಿದ್ಲು?"

ಅದನ್ನು ಇಬ್ಬರೂ ಹಾಳೆಯಲ್ಲಿ ಬರೆದಿರಲಿಲ್ಲ. "ಎಡಗೈ" ಎಂದೆ.

ಅವರು ತಲೆಯಾಡಿಸಿದರು. ರೇಣುಕಾ ಎಂಬ ಹೆಸರನ್ನು ನಮ್ಮಿಬ್ಬರಲ್ಲಿ ಯಾರು ಮೊದಲು ಹೇಳಿದೆವೋ ನೆನಪಿಲ್ಲ.

ಅದಕ್ಕೂ ಇಪ್ಪತ್ತಾರು ವರ್ಷ ಹಿಂದೆ ಹತ್ತನೆಯ ತರಗತಿಯಲ್ಲಿದ್ದ ಹುಡುಗಿ ಅವಳು. ಎಡಚಿ. ಪರೀಕ್ಷೆಗೆ ಒಂದು ತಿಂಗಳಿರುವಾಗ ಒಂದು ದಿನ ನನ್ನ ಪಾಠದ ನಡುವೆ ಎದ್ದುನಿಂತು ಕೈ ಎತ್ತಿದಳು. ನಾನು ಆಗ ತರಗತಿಯನ್ನು ನಗಿಸುವುದರಲ್ಲಿ ಪ್ರಸಿದ್ಧನಾಗಿದ್ದೆ. "ಮೊದ್ಲು ಬಲಗೈ ಎತ್ತೋದು ಕಲ್ತ್ಕಾ, ಆಮೇಲೆ ಪ್ರಶ್ನೆ ಕೇಳು" ಎಂದೆ. ಎಲ್ಲರೂ ನಕ್ಕರು. ಅವಳು ಕೂತಳು. ಮರುದಿನದಿಂದ ಶಾಲೆಗೆ ಬರಲಿಲ್ಲ. ಮದುವೆ ಮಾಡಿಬಿಟ್ಟರಂತೆ ಎಂದು ಹತ್ತು ದಿನದ ಮೇಲೆ ಅವಳ ಬೆಂಚಿನವಳು ಹೇಳಿದಳು. ಅವಳ ಹಾಲ್ ಟಿಕೆಟ್ ಆಫೀಸಿನ ಬೀರುವಿನಲ್ಲಿ ಹಾಗೇ ಉಳಿಯಿತು. ಮುಂದೇನಾಯಿತೆಂದು ನಾನು ವಿಚಾರಿಸಲಿಲ್ಲ. ವಿಚಾರಿಸುವ ಪದ್ಧತಿ ಇರಲಿಲ್ಲ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದೆ. ಹಾಲಪ್ಪ ತಮ್ಮ ಅಂಗೈ ನೋಡಿಕೊಳ್ಳುತ್ತಾ ಕೂತಿದ್ದರು.

"ನಿಮ್ಮ ಪೀರಿಯಡ್ ಆದ್ಮೇಲೆ ನಂದಿತ್ತು" ಎಂದರು. "ನಂಗೂ ಕೈ ಎತ್ತಿದ್ಲು ಮೇಷ್ಟ್ರೇ. ಲೆಕ್ಕ ಮುಗೀಲಿ ತಡಿ ಅಂದೆ. ಲೆಕ್ಕ ಮುಗೀತು, ಬೆಲ್ಲೂ ಹೊಡೀತು. ನಾನು ಹೊರಗ ಬಂದೆ."

ಇಪ್ಪತ್ತಾರು ವರ್ಷದಿಂದ ನಾವು ಜೊತೆಯಲ್ಲಿ ಚಹಾ ಕುಡಿದವರು. ಅವಳು ನನ್ನನ್ನು ಮಾತ್ರ ಕೇಳಿದ್ದಳೆಂದು ನಾನು, ತಮ್ಮನ್ನು ಮಾತ್ರ ಕೇಳಿದ್ದಳೆಂದು ಅವರು ತಿಳಿದಿದ್ದೆವು.

ಸಂಜೆ ಇಬ್ಬರೂ ದಾವಣಗೆರೆಗೆ ಬಂದೆವು. ತೀರ್ಪನ್ನು ಹುಡುಗಿಯರ ಎದುರಿಗೇ ಹೇಳಬೇಕೆಂದು ಶಾಂತಮ್ಮ ಮೊದಲೇ ಗೊತ್ತುಮಾಡಿದ್ದಳು. ಊಟದ ಹಾಲ್‌ನಲ್ಲಿ ನಲವತ್ತು ಹುಡುಗಿಯರು ಚಾಪೆಯ ಮೇಲೆ ಕೂತಿದ್ದರು. ಚಿತ್ರದಲ್ಲಿ ಅಂಥದ್ದೇನೂ ಇಲ್ಲ, ನೋಡಬಹುದು ಎಂದೆ. ಚಪ್ಪಾಳೆ ಬಿತ್ತು. "ಸಾರ್, ದೆವ್ವ ಪಾಸಾಯ್ತಾ?" ಎಂದು ಮುಂದಿನ ಸಾಲಿನವಳೊಬ್ಬಳು ಕೂಗಿದಳು. "ಡಿಸ್ಟಿಂಕ್ಷನ್ ಕಣಮ್ಮ" ಎಂದೆ. ಎಲ್ಲರೂ ನಕ್ಕರು. ನಗಿಸುವ ಚಟ ಇನ್ನೂ ಹೋಗಿರಲಿಲ್ಲ.

ಆಗ ಹಿಂದಿನ ಗೋಡೆಯ ಹತ್ತಿರ ಒಬ್ಬಳು ಕೈ ಎತ್ತಿದ್ದು ಕಂಡಿತು. ಬಲಗೈಯೇ, ಸತ್ಯಕ್ಕಾಗಿ ಅದನ್ನೂ ಹೇಳಬೇಕು. "ಸುನೀತಾ, ಕುಂದ್ರಮ್ಮ" ಎಂದು ಶಾಂತಮ್ಮ ನನ್ನ ಕಡೆ ತಿರುಗಿದಳು. "ಏನಾರ ಕೇಳ್ತಾನೇ ಇರ್ತಾಳೆ ಸಾರ್, ಬಿಡ್ರಿ, ಚಹಾ ಆರ್ತೈತೆ." ಹಾಲಪ್ಪ ಮೇಷ್ಟ್ರು ನನ್ನ ತೋಳು ಹಿಡಿದರು.

"ಏನಮ್ಮ?" ಎಂದೆ.

ಹೊರಗೆ ಹೇಳುತ್ತೇನೆ ಎಂದಳು. ವರಾಂಡಕ್ಕೆ ಹೋದೆವು.

"ನಾಳೆ ನಮ್ಮಪ್ಪ ಬರ್ತಾರ ಸಾರ್. ಅಜ್ಜಿಗೆ ಹುಷಾರಿಲ್ಲ ಅಂತ ಹೇಳಿ ನನ್ನ ಕರ್ಕೊಂಡು ಹೋಗ್ತಾರ. ಅಜ್ಜಿ ಹುಷಾರಾಗೇ ಐತೆ ಸಾರ್. ಬುಧವಾರ ಮದುವಿ ಇಟ್ಕೊಂಡಾರ. ನಂದು."

ಶಾಂತಮ್ಮ ಚಹಾದ ತಟ್ಟೆ ಹಿಡಿದು ನಮ್ಮ ಹಿಂದೆಯೇ ಬಂದಿದ್ದಳು. ಅವಳು ಅದನ್ನು ನೆಲದ ಮೇಲಿಟ್ಟು ಮಕ್ಕಳ ಸಹಾಯವಾಣಿಗೆ ಫೋನು ಮಾಡಿದಳು. ಮರುದಿನ ಅಪ್ಪ ಬಂದ. ಅಧಿಕಾರಿಗಳೂ ಬಂದಿದ್ದರು, ನಾವೂ ಇದ್ದೆವು. ಅಪ್ಪ ಮೊದಲು ಕೂಗಾಡಿದ, ಆಮೇಲೆ ಅತ್ತ, ಕೊನೆಗೆ ಕಾಗದಕ್ಕೆ ಸಹಿ ಹಾಕಿ ಒಬ್ಬನೇ ಹೋದ.

ಊಟವಾದ ಮೇಲೆ ಮುದುಕರಿಗೆ ಜೊಂಪು ಹತ್ತುವುದುಂಟು, ಜೊಂಪಿನಲ್ಲಿ ಹಳೆಯ ತಪ್ಪು ಕಾಣುವುದುಂಟು. ಇಷ್ಟರ ಮಟ್ಟಿಗೆ ನಾನೇ ವಿವರಿಸಿಕೊಂಡಿದ್ದೇನೆ. ಆದರೆ ಇಬ್ಬರಿಗೆ, ಎರಡು ಊರಲ್ಲಿ, ಬೇರೆ ದಿನ, ಅದೇ ನಿಮಿಷಕ್ಕೆ? ಹಾಳೆಗಳೆರಡೂ ನನ್ನ ಬೀರುವಿನಲ್ಲಿವೆ. ಆಗಾಗ ತೆಗೆದು ನೋಡುತ್ತೇನೆ. ಅಕ್ಷರ ನಮ್ಮವೇ. ರೇಣುಕಾಳ ಊರಿಗೂ ಹಾಲಪ್ಪ ಹೋಗಿಬಂದರು. ಆ ಮನೆಯವರು ಜಾಗ ಬಿಟ್ಟು ಬಹಳ ವರ್ಷವಾಗಿದೆ. ಅವಳು ಎಲ್ಲಿದ್ದಾಳೆ, ಇದ್ದಾಳೆಯೇ ಎಂಬುದು ಅಲ್ಲಿ ಯಾರಿಗೂ ಗೊತ್ತಿಲ್ಲ. ಈಗ ಟಿ.ವಿ.ಯಲ್ಲಿ ಏಕಾಏಕಿ ಸದ್ದು ನಿಂತರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಚಿತ್ರವನ್ನು ಅದರ ಮುಂದಿನ ಭಾನುವಾರ ತೋರಿಸಿದರು. ಯಾರೂ ಕಿರುಚಲಿಲ್ಲ. ಸುನೀತಾ ಆ ವರ್ಷ ಪರೀಕ್ಷೆಗೆ ಕೂತು ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು.